ಸುಳಿ ನೋಡಿ ಗಿಡ ತನ್ನಿ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ನರ್ಸರಿಗಳ ಮುಂದೆ ಕ್ರಿಸ್‌ಮಸ್ ಗಿಡಗಳ ಸಾಲು. ಯುರೋಪ್, ಅಮೆರಿಕದ ಮನೆಗಳಲ್ಲಿ ನಿಲ್ಲಿಸುವುದು ಹೆಚ್ಚಾಗಿ ಫರ್ ಅಥವಾ ಸ್ಪ್ರೂಸ್. ಅವು ಚಳಿ ಸೀಮೆಯ ಮರಗಳು, ನಮ್ಮ ಊರಿಗೆ ಒಗ್ಗುವುದಿಲ್ಲ. ಇಲ್ಲಿ ಕುಂಡದಲ್ಲಿ ಸಿಗುವುದು ಬಹುಪಾಲು ಅರೋಕೇರಿಯಾ. ಅದರಲ್ಲಿ ಒಂದು ಜಾತಿ ಆಸ್ಟ್ರೇಲಿಯಾದ ಪೂರ್ವಕ್ಕಿರುವ ನಾರ್‌ಫೋಕ್ ದ್ವೀಪದ್ದು. ಇನ್ನೊಂದು ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪಗಳ ಕುಕ್ ಪೈನ್. ಎಳೆಯ ಗಿಡದಲ್ಲಿ ಎರಡನ್ನೂ ಬೇರೆ ಮಾಡಿ ಗುರುತಿಸುವುದು ಕಷ್ಟ.

ಕೊಳ್ಳುವಾಗ ನಾನು ಮೊದಲು ನೋಡುವುದು ಸುಳಿಯನ್ನು. ಕಾಂಡದ ತುತ್ತತುದಿಯಲ್ಲಿ ತಿಳಿಹಸಿರಾಗಿ, ಮುಟ್ಟಿದರೆ ಮೆತ್ತಗಿರುತ್ತದೆ. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕೊಂಬೆಗಳ ಸುತ್ತು. ಗಿಡಕ್ಕೆ ಆ ಚಂದದ ಗೋಪುರದ ಆಕಾರ ಕೊಡುವುದೇ ಈ ಸುಳಿ. ದಾಸವಾಳದ ಯಾವ ಕಡ್ಡಿ ನೆಟ್ಟರೂ ಗಿಡವಾಗುತ್ತದೆ ಅಲ್ವಾ? ಅರೋಕೇರಿಯಾ ಹಾಗಲ್ಲ. ಇದರ ಪಕ್ಕದ ಕೊಂಬೆಯನ್ನು ಕತ್ತರಿಸಿ ಬೇರು ಬರಿಸಿದರೂ ಅದು ಕೊಂಬೆಯಾಗಿಯೇ ಅಡ್ಡಡ್ಡ ಬೆಳೆಯುತ್ತದೆ, ತಲೆ ಎತ್ತುವುದಿಲ್ಲ. ತಾನು ಕೊಂಬೆ ಅನ್ನುವುದನ್ನು ಅದರ ಜೀವಕೋಶಗಳು ವರ್ಷಗಟ್ಟಲೆ ಮರೆಯುವುದಿಲ್ಲ! ಹಾಗಾಗಿ ಸುಳಿ ಮುರಿದರೆ ಪಕ್ಕದ ಕೊಂಬೆ ಎದ್ದು ಅದರ ಜಾಗ ಹಿಡಿಯುವುದಿಲ್ಲ. ಕಾಂಡದಿಂದ ಹೊಸ ಚಿಗುರು ಬಂದರೂ ಮೊದಲಿನ ಆಕಾರ ಬರುವುದು ಕಷ್ಟ. ಅಂಥ ಗಿಡ ಅಗ್ಗಕ್ಕೆ ಸಿಕ್ಕರೂ ಬೇಡ.

ಆಮೇಲೆ ಕುಂಡದ ಮಣ್ಣಿನ ಹತ್ತಿರ ಬಗ್ಗಿ ಎಷ್ಟು ಕಾಂಡಗಳಿವೆ ನೋಡಿ. ಒಮ್ಮೆ ನಾನು ದಟ್ಟವಾಗಿ ತುಂಬಿಕೊಂಡಿದೆ ಅಂತ ಖುಷಿಯಿಂದ ತಂದ ಗಿಡದಲ್ಲಿ ಮೂರು ಸಸಿಗಳಿದ್ದವು. ವರ್ಷದೊಳಗೆ ಬೆಳಕಿಗೂ ನೀರಿಗೂ ಪೈಪೋಟಿ ಬಿದ್ದು ಮೂರೂ ಸೊರಗಿದವು. ಒಂದೇ ಕಾಂಡದ ಗಿಡ ಸ್ವಲ್ಪ ಬಡಕಲಾಗಿ ಕಂಡರೂ ಅದೇ ವಾಸಿ.

ಹಬ್ಬಕ್ಕೆ ಒಂದು ವಾರ ಹಾಲ್‌ನಲ್ಲಿಡಿ, ಉಳಿದಂತೆ ಬೆಳಕು ಜಾಸ್ತಿ ಇರುವ ಬಾಲ್ಕನಿಯೇ ಅದರ ಜಾಗ. ಕತ್ತಲಲ್ಲಿಟ್ಟರೆ ಕೆಳಗಿನ ಕೊಂಬೆಗಳು ಒಣಗಿ ಉದುರುತ್ತವೆ. ಉದುರಿದ ಜಾಗದಲ್ಲಿ ಮತ್ತೆ ಕೊಂಬೆ ಬರುವುದಿಲ್ಲ. ಮಣ್ಣಿನ ಮೇಲ್ಪದರ ಒಣಗಿದ ಮೇಲೆ ನೀರು ಹಾಕಿದರೆ ಸಾಕು.

ನೆಲಕ್ಕೆ ಹಾಕುವ ಆಸೆಯಿದ್ದರೆ ಮೊದಲು ಲಾಲ್‌ಬಾಗ್‌ಗೆ ಹೋಗಿ ಅಲ್ಲಿನ ಅರೋಕೇರಿಯಾಗಳನ್ನು ಕತ್ತೆತ್ತಿ ನೋಡಿ. ನಾಲ್ಕಂತಸ್ತಿನ ಮನೆಯನ್ನೂ ಮೀರಿ ಬೆಳೆಯುವ ಮರವಿದು. ಕುಕ್ ಪೈನ್ ಆದರೆ ಅದು ವಾಲುತ್ತದೆ ಕೂಡ. 5 ಖಂಡಗಳ 256 ಮರಗಳನ್ನು ಅಳೆದ ವಿಜ್ಞಾನಿಗಳು 2017ರಲ್ಲಿ ಹೇಳಿದ್ದು ಇದನ್ನೇ: ಇವು ಭೂಮಧ್ಯರೇಖೆಯ ಕಡೆಗೆ, ಸರಾಸರಿ ಎಂಟೂವರೆ ಡಿಗ್ರಿಯಷ್ಟು ಬಾಗುತ್ತವೆ. ಅಂದರೆ ನಮ್ಮಲ್ಲಿ ದಕ್ಷಿಣಕ್ಕೆ. 30x40 ಸೈಟಿನ ಮೂಲೆಯಲ್ಲಿ, ಕರೆಂಟ್ ತಂತಿಯ ಕೆಳಗೆ ದಯವಿಟ್ಟು ನೆಡಬೇಡಿ.

ಕುಂಡದಲ್ಲೇ ಇದ್ದರೆ ನಿಧಾನಕ್ಕೆ ಬೆಳೆಯುತ್ತದೆ, ಎಷ್ಟೋ ಹಬ್ಬಗಳಿಗೆ ಅದೇ ಗಿಡ ಆಗುತ್ತದೆ. ಸಣ್ಣ ಎಲ್‌ಇಡಿ ಸರ ಸಾಕು. ತುದಿಗೆ ಕಟ್ಟುವ ನಕ್ಷತ್ರ ಮಾತ್ರ ಕಾಗದದ್ದೇ ಇರಲಿ. ಅದು ಕೂರುವುದು ಸುಳಿಯ ಮೇಲೆ.