ಪರದೆಯ ಮೇಲೆ ವೃತ್ತ, ಬಟ್ಟೆಯ ಮೇಲೆ ಮೊಟ್ಟೆ

ಕಂಪ್ಯೂಟರ್‌ನಲ್ಲಿ ಚೊಕ್ಕವಾಗಿ ಒಂದು ವೃತ್ತ ಬಿಡಿಸಿ, ಹಾಗೇ ಕಸೂತಿ ಯಂತ್ರಕ್ಕೆ ಕೊಟ್ಟರೆ ಏನಾಗುತ್ತದೆ ಗೊತ್ತಾ? ಹೊಲಿದು ಬರುವುದು ಮೊಟ್ಟೆಯಾಕಾರ. ಯಂತ್ರದ ತಪ್ಪೇನೂ ಇಲ್ಲ. ಪ್ರತಿ ಹೊಲಿಗೆಯೂ ದಾರ ಓಡುವ ದಿಕ್ಕಿನಲ್ಲಿ ಬಟ್ಟೆಯನ್ನು ಒಂಚೂರು ಒಳಕ್ಕೆ ಎಳೆಯುತ್ತದೆ. ಮನೆಯಲ್ಲಿ ಕಸೂತಿ ಹಾಕುವಾಗ ದಾರ ಜಾಸ್ತಿ ಬಿಗಿಯಾದರೆ ಬಟ್ಟೆ ಸುಕ್ಕುಗಟ್ಟುತ್ತದೆ ಅಲ್ವಾ, ಅದೇ ಇದು. ಅದಕ್ಕೇ ವಿನ್ಯಾಸ ಮಾಡುವವರು ಪರದೆಯ ಮೇಲೆ ಬೇಕಂತಲೇ ವೃತ್ತವನ್ನು ಸ್ವಲ್ಪ ಉದ್ದಕ್ಕೆ ಎಳೆದು ಬಿಡಿಸುತ್ತಾರೆ. ಎಷ್ಟು ಎಳೆಯಬೇಕು? ದಾರ, ಬಟ್ಟೆ, ಹೊಲಿಗೆಗಳು ಎಷ್ಟು ಒತ್ತೊತ್ತಾಗಿವೆ ಅನ್ನುವುದು ಬದಲಾದ ಹಾಗೆ ಲೆಕ್ಕವೂ ಬದಲಾಗುತ್ತದೆ. ಒಂದು ತುಂಡು ಹೊಲಿದು, ಅಳೆದು, ತಿದ್ದಿ, ಮತ್ತೆ ಹೊಲಿಯಬೇಕು.

ದುಬಾರಿ ಕಾರುಗಳ ಒಳಗೂ ಇಂಥ ಕಸೂತಿ ಇರುತ್ತದೆ. ರೋಲ್ಸ್ ರಾಯ್ಸ್ 2024ರಲ್ಲಿ ಹತ್ತೇ ಹತ್ತು 'ಫ್ಯಾಂಟಮ್ ಸಿಂಟಿಲಾ' ಕಾರುಗಳನ್ನು ಪ್ರಕಟಿಸಿತು. ಈ ಕಾರಿನ ಒಳಗಿನ ಕಸೂತಿಯಲ್ಲಿ 8,69,500 ಹೊಲಿಗೆಗಳಿವೆ, ಬಾಗಿಲುಗಳಲ್ಲೇ 6,33,000. ಒಂದೊಂದೂ ಕೂದಲೆಳೆಯಷ್ಟು ಎಳೆದರೆ ಚಿತ್ರ ಎಲ್ಲಿಗೆ ಹೋಗಿ ನಿಲ್ಲುತ್ತದೆ, ಯೋಚಿಸಿ!

ಚರ್ಮದ ಮೇಲಂತೂ ಕೆಲಸ ಇನ್ನೂ ಕಷ್ಟ. ಬಟ್ಟೆಯಲ್ಲಿ ಸೂಜಿ ನೂಲುಗಳ ನಡುವೆ ನುಸುಳುತ್ತದೆ, ಹೊಲಿಗೆ ಬಿಚ್ಚಿದರೆ ನೂಲು ಮತ್ತೆ ಕೂಡಿಕೊಳ್ಳುತ್ತದೆ. ಚರ್ಮದಲ್ಲಿ ತೂತು ಬಿದ್ದರೆ ಬಿತ್ತು. ಹೊಲಿಗೆಗಳನ್ನು ತೀರಾ ಹತ್ತಿರ ಹಾಕಿದರೆ ಅಂಚೆ ಚೀಟಿಯ ಹಾಳೆಯ ಹಾಗೆ ಆ ಗೆರೆಯಲ್ಲೇ ಹರಿದುಬರುತ್ತದೆ. ಜೊತೆಗೆ ಒಂದೇ ಹಸುವಿನ ಚರ್ಮ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಹಿಗ್ಗುತ್ತದೆ, ಎಲ್ಲೋ ಹುಳ ಕಚ್ಚಿದ ಕಲೆ, ಎಲ್ಲೋ ಬೇಲಿ ತರಚಿದ ಗೆರೆ. ದುಬಾರಿ ಕಾರುಗಳ ಕಾರ್ಖಾನೆಗಳಲ್ಲಿ ಅನುಭವಸ್ಥರು ಚರ್ಮವನ್ನು ಹರಡಿ, ಕೈಯಾಡಿಸಿ, ಕಲೆ ಇದ್ದಲ್ಲೆಲ್ಲ ಗುರುತು ಹಾಕುತ್ತಾರೆ. ಕ್ಯಾಮೆರಾ ಆ ಗುರುತುಗಳನ್ನು ಓದುತ್ತದೆ, ಅವು ತಪ್ಪುವ ಹಾಗೆ, ಚರ್ಮ ಆದಷ್ಟು ಕಡಿಮೆ ಹಾಳಾಗುವ ಹಾಗೆ ತುಂಡುಗಳನ್ನು ಎಲ್ಲೆಲ್ಲಿ ಕತ್ತರಿಸಬೇಕು ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಈ ಕೆಲಸದ ಹಂಚಿಕೆ ನನಗೆ ತುಂಬಾ ಇಷ್ಟ. ತುಂಡು ಜೋಡಿಸುವ ಲೆಕ್ಕದಲ್ಲಿ ಕಂಪ್ಯೂಟರ್ ನಮಗಿಂತ ಚುರುಕು, ಆದರೆ ಬೆರಳಿಗೆ ಸಿಗುವ ಮೆದು, ಗಟ್ಟಿ ಅದಕ್ಕೆ ಸಿಗುವುದಿಲ್ಲ.

ಕಾರಿನ ಒಳಗೆ ಮರದ ತುಂಡುಗಳನ್ನು ಜೋಡಿಸಿ ಚಿತ್ರ ಮಾಡುವಾಗ ಮರಕ್ಕೂ ಅದರದೇ ಹಟ ಇದೆ. ತೇವ ಹೀರಿದ ಮರ ಅಗಲಕ್ಕೆ ಉಬ್ಬುತ್ತದೆ, ಅದರ ನಾರಿನ ಎಳೆಯ ಉದ್ದಕ್ಕೆ ಹೆಚ್ಚುಕಮ್ಮಿ ಉಬ್ಬುವುದೇ ಇಲ್ಲ. ಹಾಗಾಗಿ ಬೇರೆ ಬೇರೆ ದಿಕ್ಕಿಗೆ ಎಳೆ ಇರುವ ತುಂಡುಗಳನ್ನು ಪಕ್ಕಪಕ್ಕ ಅಂಟಿಸಿದರೆ ಅವು ಒಂದನ್ನೊಂದು ತಳ್ಳುತ್ತವೆ. ಲೇಸರ್‌ನಲ್ಲಿ ಕತ್ತರಿಸಿದರೆ ಅಂಚು ಕಪ್ಪಾಗುತ್ತದೆ, ಕತ್ತರಿಸಿದ ಜಾಗದಲ್ಲಿ ಒಂದಿಷ್ಟು ಮರವೂ ಸುಟ್ಟುಹೋಗುತ್ತದೆ. ಒಂದು ಸಂದಿಯಲ್ಲಿ ಅದು ಕಾಣುವುದಿಲ್ಲ, ಸಾವಿರ ಸಂದಿ ಸೇರಿದರೆ ಕಾಣುತ್ತದೆ. ರೋಲ್ಸ್ ರಾಯ್ಸ್‌ನದೇ 2023ರ 'ಲಾ ರೋಸ್ ನ್ವಾರ್ ಡ್ರಾಪ್‌ಟೇಲ್' ಕಾರಿನ ಒಳಗೆ ಕಪ್ಪು ಸಿಕಮೋರ್ ಮರದ ತೆಳು ಹಾಳೆಯಿಂದ ಮಾಡಿದ 1,603 ತುಂಡುಗಳಿವೆ. 1,070 ತುಂಡುಗಳು ಹಿನ್ನೆಲೆಗೆ, ಕೆಂಪಗಿನ 533 ತುಂಡುಗಳು ಉದುರಿ ಚೆಲ್ಲಿದ ಗುಲಾಬಿ ಎಸಳುಗಳಿಗೆ. ಇದನ್ನು ಜೋಡಿಸಿದ ಕುಶಲಕರ್ಮಿ ಒಂದು ಸಲಕ್ಕೆ ಒಂದೇ ಗಂಟೆ ಕೂರುತ್ತಿದ್ದರು, ದಿನಕ್ಕೆ ಐದು ಗಂಟೆ ಮೀರುತ್ತಿರಲಿಲ್ಲ. ಅಷ್ಟು ಏಕಾಗ್ರತೆ ಬೇಡುವ ಕೆಲಸ ಅದು.