ಹೊಡೆಯದಿದ್ದರೆ ಸಾಕೇ?

"ಒಂದೇಟೂ ಹೊಡೆದಿಲ್ಲ ಡಾಕ್ಟ್ರೇ, ಮಗು ಥರ ಸಾಕಿದ್ದೀವಿ." ಈ ಮಾತು ಬಂದ ಕೂಡಲೇ ನನ್ನ ಕಣ್ಣು ನಾಯಿಯ ಕುತ್ತಿಗೆಗೆ ಹೋಗುತ್ತದೆ. ಅಲ್ಲಿ ಕೂದಲು ಉದುರಿ ಚರ್ಮ ದಪ್ಪಗಾಗಿದ್ದು, ಉಗುರೂ ಸವೆಯದೆ ಬೆಳೆದಿದ್ದರೆ ಬಹುಮಟ್ಟಿಗೆ ತಿಳಿಯಿತು: ಹಗಲೂ ರಾತ್ರಿ ಚೈನಿನಲ್ಲಿರುವ ನಾಯಿ.

ಹಿಂಸೆಯೆಂದರೆ ಬಡಿಯುವುದು, ಬಿಸಿನೀರು ಎರಚುವುದು ಎಂದಷ್ಟೇ ಜನ ತಿಳಿದಿದ್ದಾರೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಅಷ್ಟಕ್ಕೆ ನಿಲ್ಲುವುದಿಲ್ಲ. ಪ್ರಾಣಿ ಯಾರ ವಶದಲ್ಲಿದೆಯೋ ಅವರು ಅದರ ಯೋಗಕ್ಷೇಮ ನೋಡಬೇಕು, ಅನಗತ್ಯ ನೋವು ತಪ್ಪಿಸಬೇಕು ಎನ್ನುತ್ತದೆ 3ನೇ ಕಲಂ. 11ನೇ ಕಲಂನ ಅಪರಾಧಗಳಲ್ಲಿ ತೀರಾ ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದೂ ಇದೆ. ಸದಾ ಕಟ್ಟಿಹಾಕುವ ನಾಯಿಯನ್ನು ಓಡಾಡಿಸದಿರುವುದಂತೂ ನಾಯಿಯ ಹೆಸರೆತ್ತಿಯೇ ಬರೆದಿರುವ ಅಪರಾಧ. ಮತ್ತೆ ಹೇಳುತ್ತೇನೆ: ನೀವು ಕೈ ಎತ್ತಬೇಕಿಲ್ಲ, ಮಾಡಬೇಕಾದ್ದನ್ನು ಮಾಡದಿದ್ದರೂ ತಪ್ಪೇ. ದಿನಾ ಕೋಳಿ ಅನ್ನ ಹಾಕಿದರೂ ಓಡಾಟದ ಕೊರತೆ ನೀಗುವುದಿಲ್ಲ.

"ಎಷ್ಟು ಗಂಟೆ ಕಟ್ಟಬಹುದು?" ಎಂದು ಕೇಳುತ್ತಾರೆ. ಕಾಯ್ದೆ ಗಂಟೆ ಹೇಳಿಲ್ಲ. ಯಾವುದು ಅತಿ ಎಂಬುದನ್ನು ಆಯಾ ಪ್ರಕರಣ ನೋಡಿ ನ್ಯಾಯಾಲಯ ತೀರ್ಮಾನಿಸಬೇಕು, ನಾನು ವಕೀಲನಲ್ಲ. ನೆಂಟರು ಬಂದಾಗ, ಗೇಟು ತೆರೆದಾಗ ಕಟ್ಟಿ, ಬೇಡವೆನ್ನುವುದಿಲ್ಲ. ಮೊದಲ ಸಲದ ದಂಡ ಇಂದಿಗೂ 10ರಿಂದ 50 ರೂಪಾಯಿ. ಅದು ಕೇಳಿ ನಕ್ಕವರಿದ್ದಾರೆ, ನನಗೆ ನಗು ಬರುವುದಿಲ್ಲ.

ಒಬ್ಬ ನಿವೃತ್ತ ಮೇಷ್ಟ್ರು ನಾಯಿಯನ್ನು ಆಟೋದಲ್ಲಿ ತಂದರು. "ಕುತ್ತಿಗೆಯಿಂದ ವಾಸನೆ ಬರ್ತಿದೆ, ಊಟ ಬಿಟ್ಟಿದೆ" ಎಂದರು. ಕೂದಲು ಸರಿಸಿದರೆ ಬೆಲ್ಟು ಕಾಣಲೇ ಇಲ್ಲ. ಮರಿಯಾಗಿದ್ದಾಗ ಹಾಕಿದ್ದು, ನಾಯಿ ಬೆಳೆಯಿತು, ಬೆಲ್ಟು ಬೆಳೆಯಲಿಲ್ಲ, ಮಾಂಸದೊಳಗೆ ಇಳಿದು ಹುಳ ಬಿದ್ದಿತ್ತು. ಅರಿವಳಿಕೆ ಕೊಟ್ಟು ಕತ್ತರಿಸಿ ತೆಗೆಯುವಷ್ಟು ಹೊತ್ತೂ ಮೇಷ್ಟ್ರು ಅದರ ಕಾಲು ಹಿಡಿದುಕೊಂಡು ಅಳುತ್ತಿದ್ದರು. ಬೈಯಬೇಕೆಂದಿದ್ದೆ, ಆಗಲಿಲ್ಲ. ದಿನಾ ಎರಡು ಹೊತ್ತು ತಾವೇ ತಟ್ಟೆ ಇಟ್ಟು ಬರುತ್ತಿದ್ದವರು ಅವರು. ತಟ್ಟೆ ಇಡುವಾಗ ಕುತ್ತಿಗೆ ಮುಟ್ಟಿರಲಿಲ್ಲ, ಅಷ್ಟೇ.

ನಿಮ್ಮ ನಾಯಿಯ ಬೆಲ್ಟಿನೊಳಗೆ ಎರಡು ಬೆರಳು ತೂರಿಸಿ ನೋಡಿ. ಸಲೀಸಾಗಿ ಹೋಗದಿದ್ದರೆ ಈಗಲೇ ಸಡಿಲಿಸಿ. ಮರಿಯಾಗಿದ್ದರೆ ವಾರವಾರವೂ ನೋಡುತ್ತಿರಿ.