ಮೊದಲ ತುತ್ತು ತಡವಾದರೆ

ಕಾವಿಗಿಟ್ಟ ಕೋಳಿಮೊಟ್ಟೆ ಒಡೆದು ಮರಿ ಹೊರಬರಲು 21 ದಿನ ಬೇಕು. ಆದರೆ ಒಂದೇ ಯಂತ್ರದಲ್ಲಿ, ಒಂದೇ ಹೊತ್ತಿಗೆ ಇಟ್ಟ ಸಾವಿರಾರು ಮೊಟ್ಟೆಗಳು ಒಟ್ಟಿಗೆ ಒಡೆಯುವುದಿಲ್ಲ. ಮೊದಲ ಮರಿಗೂ ಕೊನೆಯ ಮರಿಗೂ ನಡುವೆ 24ರಿಂದ 36 ಗಂಟೆಗಳ ಅಂತರವಿರುತ್ತದೆ. ಬಹುಪಾಲು ಮರಿಗಳು ಹೊರಬಂದು, ಅವುಗಳ ತುಪ್ಪುಳು ಒಣಗುವ ತನಕ ಹ್ಯಾಚರಿಯವರು, ಅಂದರೆ ಮರಿ ಮಾಡಿಸುವ ಕೇಂದ್ರದವರು, ಯಂತ್ರದ ಬಾಗಿಲು ತೆರೆಯುವುದಿಲ್ಲ. ಆಮೇಲೆ ವಿಂಗಡಣೆ, ಎಣಿಕೆ, ಲಸಿಕೆ, ಪೆಟ್ಟಿಗೆ ತುಂಬುವುದು, ವಾಹನದ ಪ್ರಯಾಣ. ಎಲ್ಲ ಮುಗಿದು ಫಾರ್ಮಿನ ನೆಲಕ್ಕೆ ಇಳಿಯುವಷ್ಟರಲ್ಲಿ, ಮೊದಲು ಹುಟ್ಟಿದ ಮರಿಗೆ ಎರಡು ದಿನ, ಕೆಲವೊಮ್ಮೆ ಮೂರು ದಿನ ತುಂಬಿರುತ್ತದೆ. ಅಷ್ಟು ಹೊತ್ತೂ ಅದಕ್ಕೆ ಒಂದು ಕಾಳಿಲ್ಲ, ಒಂದು ಹನಿ ನೀರಿಲ್ಲ.

ಇದರಿಂದ ಮರಿಗೇನೂ ಆಗದು ಎಂದು ಬಹಳ ಕಾಲ ನಂಬಿದ್ದರು. ನಂಬಿಕೆಗೆ ಆಧಾರವೂ ಇತ್ತು. ಚಿಪ್ಪು ಒಡೆಯುವ ಒಂದೆರಡು ದಿನ ಮೊದಲು ಮರಿಯು ಉಳಿದ ಹಳದಿಯ ಚೀಲವನ್ನು ಹೊಕ್ಕುಳಿನ ದಾರಿಯಲ್ಲಿ ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳುತ್ತದೆ. 40–45 ಗ್ರಾಂ ತೂಗುವ ಮರಿಯಲ್ಲಿ ಹತ್ತರಲ್ಲೊಂದು ಪಾಲು, ಅದಕ್ಕಿಂತ ಹೆಚ್ಚೂ, ಈ ಹಳದಿಯದೇ ಇರಬಹುದು. ತಾಯಿ ಕಟ್ಟಿಕೊಟ್ಟ ಬುತ್ತಿ ಹೊಟ್ಟೆಯಲ್ಲೇ ಇರುವಾಗ ಊಟಕ್ಕೆ ಅವಸರವೇಕೆ ಎಂಬುದು ವಾದ. ಬುತ್ತಿಯಿಂದ ಮರಿ ಬದುಕುಳಿಯುತ್ತದೆ, ನಿಜ. ಬೆಳವಣಿಗೆಯ ಲೆಕ್ಕ ಮಾತ್ರ ಬೇರೆ.

ಮಾಂಸಕ್ಕಾಗಿ ಸಾಕುವ ಬ್ರಾಯ್ಲರ್ ಮರಿ ಮೊದಲ ಏಳು ದಿನಗಳಲ್ಲೇ ಹುಟ್ಟಿದಾಗಿನ ತೂಕದ ನಾಲ್ಕು ಪಟ್ಟಿಗಿಂತ ಹೆಚ್ಚಾಗುತ್ತದೆ. ಐದಾರು ವಾರಕ್ಕೆ ಎರಡು, ಎರಡೂವರೆ ಕಿಲೋ ತಲುಪುತ್ತದೆ. ಒಟ್ಟು ಬಾಳ್ವೆಯೇ 40 ದಿನ ಎಂದಾದಾಗ ಆರಂಭದ ಎರಡು ದಿನ ಇಪ್ಪತ್ತನೇ ಒಂದು ಭಾಗ. ಅದೂ ದೇಹದ ಅಡಿಪಾಯ ಏಳುವ ಹೊತ್ತು.

ಮೊದಲು ಕರುಳನ್ನೇ ನೋಡಿ. ಮೊಟ್ಟೆಯೊಳಗೆ ಭ್ರೂಣ ತನ್ನ ಶಕ್ತಿಯನ್ನು ಬಹುಮಟ್ಟಿಗೆ ಹಳದಿಯ ಕೊಬ್ಬಿನಿಂದ ಪಡೆಯುತ್ತದೆ. ಹೊರಬಂದ ಮೇಲೆ ಸಿಗುವುದು ಕಾಳಿನ ಪಿಷ್ಟ ಮತ್ತು ಪ್ರೋಟೀನ್. ಈ ಬದಲಾವಣೆಗೆ ಹೊಂದಿಕೊಳ್ಳಲು ಸಣ್ಣ ಕರುಳು ಮೊದಲ ವಾರದಲ್ಲಿ ದೇಹದ ಉಳಿದ ಭಾಗಗಳಿಗಿಂತ ಎಷ್ಟೋ ವೇಗವಾಗಿ ಬೆಳೆಯುತ್ತದೆ. ಒಳಗೋಡೆಯ ಮೇಲಿನ ಬೆರಳಿನಾಕಾರದ ವಿಲ್ಲೈಗಳು ಉದ್ದವಾಗಿ, ಪೋಷಕಾಂಶ ಹೀರುವ ಮೇಲ್ಮೈ ಹಿಗ್ಗುತ್ತದೆ. ಈ ಕೆಲಸಕ್ಕೆ ಚಾಲನೆ ಸಿಗುವುದೇ ಕರುಳಿಗೆ ಆಹಾರ ಇಳಿದಾಗ. ಉಪವಾಸವಿದ್ದ ಮರಿಗಳಲ್ಲಿ ವಿಲ್ಲೈಗಳು ಮೋಟಾಗಿರುತ್ತವೆ.

ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ ಸಂಗತಿ ಇನ್ನೊಂದಿದೆ. ಹಸಿದ ಮರಿ ಹಳದಿಯನ್ನು ಬೇಗ ಖರ್ಚು ಮಾಡುತ್ತದೆ, ತಿಂದ ಮರಿ ಉಳಿಸಿಕೊಳ್ಳುತ್ತದೆ ಎಂದು ಯಾರಾದರೂ ಊಹಿಸಿಯಾರು. ಪ್ರಯೋಗಗಳಲ್ಲಿ ಕಂಡದ್ದು ತಿರುವುಮುರುವು. ಆಹಾರ ಸಿಕ್ಕ ಮರಿಗಳಲ್ಲೇ ಹಳದಿ ಬೇಗ ಕರಗಿತು. ಹಳದಿಯ ಚೀಲಕ್ಕೂ ಕರುಳಿಗೂ ಒಂದು ಸಣ್ಣ ಕೊಳವೆಯ ಸಂಪರ್ಕವಿದೆ. ಆಹಾರ ಬಿದ್ದು ಕರುಳು ಅಲುಗಾಡತೊಡಗಿದರೆ ಆ ದಾರಿಯಲ್ಲಿ ಹಳದಿಯೂ ಕರುಳಿಗಿಳಿದು ಬಳಕೆಯಾಗುತ್ತದೆ. ಅಂದರೆ ಬುತ್ತಿಯ ಪೂರ್ತಿ ಪ್ರಯೋಜನಕ್ಕೂ ಹೊರಗಿನ ತುತ್ತೇ ಬೇಕು! ಹಳೆಯ ವಾದದ ಬುಡವೇ ಇಲ್ಲಿ ಅಲ್ಲಾಡಿತು ಎಂದು ನನ್ನ ಅನಿಸಿಕೆ.

ಹಳದಿಯಲ್ಲಿ ಕೊಬ್ಬಿನ ಜೊತೆಗೆ ತಾಯಿಕೋಳಿಯ ಪ್ರತಿಕಾಯಗಳೆಂಬ ಪ್ರೋಟೀನುಗಳೂ ಇರುತ್ತವೆ. ಮರಿಯ ಸ್ವಂತ ರೋಗನಿರೋಧಕ ವ್ಯವಸ್ಥೆ ಸಜ್ಜಾಗುವ ತನಕ ಸೋಂಕಿನಿಂದ ಕಾಯುವುದು ಅವೇ. ಹಸಿವಿನಲ್ಲಿ ಅಂಥ ಪ್ರೋಟೀನನ್ನೇ ಉರುವಲಾಗಿ ಸುಡುವುದು ದುಬಾರಿ ವ್ಯವಹಾರ. ಮರಿಯ ಬಾಲದ ಬುಡದ ಬಳಿ ಫ್ಯಾಬ್ರೀಷಿಯಸ್‌ನ ಬರ್ಸಾ ಎಂಬ ಪುಟ್ಟ ಚೀಲವಿದೆ. ಪ್ರತಿಕಾಯ ತಯಾರಿಕೆಗೆ ಅದು ಅನಿವಾರ್ಯ ಎಂಬುದನ್ನು 1956ರಲ್ಲಿ ಬ್ರೂಸ್ ಗ್ಲಿಕ್ ಮತ್ತು ಸಂಗಡಿಗರು ತೋರಿಸಿದರು. ಮೊದಲ ಆಹಾರ ತಡವಾದರೆ ಈ ಬರ್ಸಾದ ಬೆಳವಣಿಗೆಯೂ ಹಿಂದೆ ಬೀಳುತ್ತದೆ.

ಎದೆಯ ಮಾಂಸದ ಕಥೆಯೂ ಹೀಗೆಯೇ. ಸ್ನಾಯುವಿನ ಎಳೆಗಳ ಸಂಖ್ಯೆ ಹುಟ್ಟುವ ವೇಳೆಗೆ ಹೆಚ್ಚುಕಡಿಮೆ ನಿಗದಿಯಾಗಿರುತ್ತದೆ. ಮುಂದೆ ಆ ಎಳೆಗಳು ದಪ್ಪಗಾಗಲು ನೆರವಾಗುವ ಸ್ಯಾಟಲೈಟ್ ಕೋಶಗಳು ಮೊದಲ ಕೆಲವು ದಿನಗಳಲ್ಲಿ ಭರದಿಂದ ವಿಭಜನೆಗೊಳ್ಳುತ್ತವೆ. ಆ ಹೊತ್ತಿನಲ್ಲಿ ಹಸಿದ ಮರಿಯ ನಷ್ಟವನ್ನು ಆಮೇಲಿನ ಧಾರಾಳ ಮೇವು ಪೂರ್ತಿ ತುಂಬಿಕೊಡುವುದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಸುಮಾರು 48 ಗಂಟೆ ಅನ್ನನೀರಿಲ್ಲದೆ ಕಳೆದ ಮರಿಗಳ ತೂಕ ಆರು ವಾರದವರೆಗೂ ಕಡಿಮೆಯೇ ಇತ್ತು. ಸಾವಿನ ಪ್ರಮಾಣವೂ ಹೆಚ್ಚಿತ್ತು.

ಹಾಗಾದರೆ ಏನು ತಿನ್ನಿಸಬೇಕು? ಪ್ರಿ-ಸ್ಟಾರ್ಟರ್ ಎಂದು ಕರೆಯುವ ಮೊದಲ ಆಹಾರ ಸುಲಭವಾಗಿ ಜೀರ್ಣವಾಗುವಂತಿರಬೇಕು, ಚೂರು ಸಣ್ಣದಿರಬೇಕು. ಎಳೆ ಮರಿಯಲ್ಲಿ ಕೊಬ್ಬನ್ನು ಜೀರ್ಣಿಸುವ ಲೈಪೇಸ್ ಕಿಣ್ವವೂ ಪಿತ್ತರಸವೂ ಇನ್ನೂ ಸಾಲದಾದ್ದರಿಂದ ಗಟ್ಟಿ ಕೊಬ್ಬು ಅದಕ್ಕೆ ದಕ್ಕದು. ಆದರೆ ಎಷ್ಟು ಒಳ್ಳೆಯ ಮೇವಿದ್ದರೂ ಶಾಖವಿಲ್ಲದಿದ್ದರೆ ವ್ಯರ್ಥ. ಮೊದಲ ದಿನಗಳಲ್ಲಿ ಮರಿ ತನ್ನ ಮೈಯ ಉಷ್ಣತೆಯನ್ನು ತಾನೇ ಕಾಯ್ದುಕೊಳ್ಳಲಾರದು. ಮರಿಗಳಿಗೆ ಶಾಖ ಕೊಡುವ ಬ್ರೂಡರಿನಡಿ 32–34 ಡಿಗ್ರಿ ಸೆಲ್ಸಿಯಸ್ ಇಲ್ಲದಿದ್ದರೆ ಅದು ಮುದುಡಿ ಕೂರುತ್ತದೆ, ತಿನ್ನಲು ಏಳುವುದೇ ಇಲ್ಲ. ಅನುಭವಿಗಳು ಇದನ್ನು ಪರೀಕ್ಷಿಸುವ ಬಗೆ ಸರಳ: ಮರಿಯ ಕುತ್ತಿಗೆಯ ಬುಡದಲ್ಲಿರುವ ಆಹಾರ ಚೀಲವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡುವುದು. ಮೆತ್ತಗೆ ದುಂಡಗಿದ್ದರೆ ಮೇವೂ ನೀರೂ ಎರಡೂ ಸಿಕ್ಕಿವೆ. ಗಟ್ಟಿಯಾಗಿ ಕಾಳು ಕೈಗೆ ಸಿಗುವಂತಿದ್ದರೆ ನೀರು ಸಾಲದು. ಖಾಲಿಯಾಗಿದ್ದರೆ ತಡಮಾಡದೆ ಕಾರಣ ಹುಡುಕಬೇಕು.

ಇನ್ನೂ ಮುಂಚೆಯೇ ಉಣಿಸುವ ದಾರಿಯನ್ನು ಹುಡುಕಿದವರು ವಿಜ್ಞಾನಿಗಳಾದ ಜೆಹಾವಾ ಉನಿ ಮತ್ತು ಪೀಟರ್ ಫರ್ಕೆಟ್. ಚಿಪ್ಪೊಡೆಯುವ ಮೂರ್ನಾಲ್ಕು ದಿನ ಮೊದಲು ಭ್ರೂಣದ ಸುತ್ತಲಿನ ದ್ರವಕ್ಕೆ ಪೋಷಕಾಂಶಗಳನ್ನು ಚುಚ್ಚಿದರೆ ಭ್ರೂಣ ಅದನ್ನು ಕುಡಿಯುತ್ತದೆ ಎಂಬುದು ಅವರ ವಿಧಾನದ ತಿರುಳು. ಹ್ಯಾಚರಿಯ ಯಂತ್ರದಲ್ಲೇ ಬೆಳಕು, ಮೇವು, ನೀರು ಇಡುವ ವ್ಯವಸ್ಥೆಗಳೂ ಬಂದಿವೆ. ನೆದರ್‌ಲೆಂಡ್ಸ್‌ನಲ್ಲಿ 18 ದಿನ ಕಾವು ಪಡೆದ ಮೊಟ್ಟೆಗಳನ್ನೇ ಫಾರ್ಮಿಗೆ ಒಯ್ದು, ಮರಿಗಳು ಮೇವಿನ ಪಕ್ಕದಲ್ಲೇ ಹುಟ್ಟುವಂತೆ ಮಾಡುವ ಪದ್ಧತಿ ಬಳಕೆಯಲ್ಲಿದೆ. ಇವಕ್ಕೆಲ್ಲ ಬಂಡವಾಳ ಬೇಕು. ಬಂಡವಾಳವಿಲ್ಲದ ಹ್ಯಾಚರಿಯೂ ಒಂದು ಕೆಲಸ ಮಾಡಬಹುದು. ಹೆಚ್ಚು ದಿನ ಕೂಡಿಟ್ಟ ಮೊಟ್ಟೆ ತಡವಾಗಿ ಒಡೆಯುತ್ತದೆ. ಹಾಗಾಗಿ ಒಂದೇ ವಯಸ್ಸಿನ ತಾಯಿಕೋಳಿಗಳ, ಒಂದೇ ಅವಧಿಗೆ ಕೂಡಿಟ್ಟ ಮೊಟ್ಟೆಗಳನ್ನು ಒಟ್ಟಿಗೆ ಕಾವಿಗಿಟ್ಟರೆ, ಮೊದಲು ಹುಟ್ಟಿದ ಮರಿ ಕೊನೆಯದಕ್ಕಾಗಿ ಹಸಿದು ಕಾಯುವ ಹೊತ್ತು ಕಡಿಮೆಯಾಗುತ್ತದೆ.